ಗಿಡದ ಹಾಳೆ, ಊರಿನ ಹೆಸರು

ಹರ್ಬೇರಿಯಂ ಎಂದರೆ ಗಿಡಗಳನ್ನು ಒತ್ತಿ, ಒಣಗಿಸಿ, ದಪ್ಪ ಕಾಗದಕ್ಕೆ ಅಂಟಿಸಿ ಕಾಪಿಟ್ಟ ಸಂಗ್ರಹ. ಭಾರತದಲ್ಲಿ ಬಳಕೆಯಲ್ಲಿರುವ ಹಾಳೆ ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ. ಬಲಗಡೆಯ ಕೆಳಮೂಲೆಯಲ್ಲಿ ಒಂದು ಚೀಟಿ: ಗಿಡದ ವೈಜ್ಞಾನಿಕ ಹೆಸರು, ಅದು ಸಿಕ್ಕಿದ ಊರು, ದಿನಾಂಕ, ಕಿತ್ತು ತಂದವರ ಹೆಸರು, ಅವರು ಕೊಟ್ಟ ಕ್ರಮಸಂಖ್ಯೆ. ಹೂವಿನ ಬಣ್ಣ, ಮರದ ಎತ್ತರ, ನೆಲದ ಗುಣ, ಊರಿನವರು ಕರೆಯುವ ಹೆಸರು ಇವೆಲ್ಲ ಒಣಗಿದ ಗಿಡದಿಂದ ತಿಳಿಯುವಂಥವಲ್ಲ. ಆದ್ದರಿಂದ ಒಳ್ಳೆಯ ಸಂಗ್ರಾಹಕರು ಅವನ್ನೂ ಅದೇ ಚೀಟಿಯಲ್ಲಿ ಬರೆಯುತ್ತಾರೆ. ಚೀಟಿಯಿಲ್ಲದ ಹಾಳೆ ಬರಿಯ ಒಣಸೊಪ್ಪು. ಚೀಟಿಯಿದ್ದರೆ ಆ ಗಿಡ ಆ ದಿನ ಆ ಜಾಗದಲ್ಲಿತ್ತು ಎಂಬುದಕ್ಕೆ ಅಲುಗದ ಸಾಕ್ಷಿ.

ಈ ಹಾಳೆಗಳಲ್ಲಿ ಕೆಲವಕ್ಕೆ ಉಳಿದವಕ್ಕಿಂತ ಹೆಚ್ಚಿನ ಬೆಲೆಯಿದೆ. ಒಂದು ಪ್ರಭೇದಕ್ಕೆ ಹೊಸದಾಗಿ ಹೆಸರಿಡುವಾಗ ಯಾವ ಮಾದರಿಯನ್ನು ಆಧಾರವಾಗಿ ಇಟ್ಟುಕೊಳ್ಳಲಾಗುತ್ತದೋ ಅದು ‘ಟೈಪ್’ ಮಾದರಿ. ಮುಂದೆ ಆ ಹೆಸರಿನ ಬಗ್ಗೆ ವಿವಾದ ಎದ್ದಾಗಲೆಲ್ಲ ಆ ಹಾಳೆಯನ್ನೇ ನೋಡಿ ತೀರ್ಮಾನಿಸಬೇಕು. ಅದು ಇರುವುದು ಒಂದೇ ಊರಿನ ಒಂದೇ ಕಪಾಟಿನಲ್ಲಿ. ಬಳ್ಳಾರಿಯಲ್ಲೋ ಶಿರಸಿಯಲ್ಲೋ ಕೆಲಸ ಮಾಡುವ ಸಂಶೋಧಕರು ಅದನ್ನು ನೋಡಬೇಕಾದರೆ ಒಂದೋ ಅಲ್ಲಿಗೆ ಹೋಗಬೇಕು, ಇಲ್ಲವೇ ಹಾಳೆಯನ್ನು ಅಂಚೆಯಲ್ಲಿ ಎರವಲು ತರಿಸಬೇಕು. ಎರವಲು ನಿರಪಾಯವಲ್ಲ. 2017ರಲ್ಲಿ ಪ್ಯಾರಿಸ್ಸಿನಿಂದ ಹೊರಟ ಹಳೆಯ ಮಾದರಿಗಳ ಒಂದು ಕಟ್ಟನ್ನು, ಕಾಗದಪತ್ರ ಸರಿಯಿಲ್ಲವೆಂಬ ಕಾರಣಕ್ಕೆ, ಆಸ್ಟ್ರೇಲಿಯಾದ ಜೈವಿಕ ಸುರಕ್ಷಾ ಸಿಬ್ಬಂದಿ ಸುಟ್ಟುಹಾಕಿದರು. ಕಪಾಟಿನಲ್ಲೇ ಇದ್ದರೂ ಅಪಾಯ ತಪ್ಪದು: 1943ರ ಮಾರ್ಚಿನಲ್ಲಿ ಬಾಂಬ್ ದಾಳಿಗೆ ಸಿಕ್ಕಿ ಬರ್ಲಿನ್ನಿನ ಹರ್ಬೇರಿಯಂನ ಬಹುಭಾಗ ಬೂದಿಯಾಯಿತು. 2016ರ ಏಪ್ರಿಲ್‌ನಲ್ಲಿ ದೆಹಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ ಬೆಂಕಿಗೆ ಆಹುತಿಯಾಯಿತು. ಹಾಳೆಗಳ ಸ್ಪಷ್ಟ ಚಿತ್ರ ತೆಗೆದು, ಚೀಟಿಯ ವಿವರಗಳನ್ನು ಕಂಪ್ಯೂಟರಿಗೆ ಏರಿಸಿ, ಎಲ್ಲರಿಗೂ ಸಿಗುವಂತೆ ಇಡುವ ಡಿಜಿಟಲೀಕರಣದ ಕೆಲಸಕ್ಕೆ ಪ್ರಪಂಚದಾದ್ಯಂತ ವೇಗ ಬಂದದ್ದು ಇಂಥ ಕಾರಣಗಳಿಂದ.

ಭಾರತದ ಕೇಂದ್ರ ರಾಷ್ಟ್ರೀಯ ಹರ್ಬೇರಿಯಂ ಇರುವುದು ಕೋಲ್ಕತ್ತದ ಎದುರು ದಡದ ಹೌರಾದಲ್ಲಿ, ಶಿಬಪುರದ ಸಸ್ಯೋದ್ಯಾನದ ಆವರಣದಲ್ಲಿ. ಅದರ ಮೂಲ 1793ರಲ್ಲಿ ಆ ಉದ್ಯಾನದ ಹೊಣೆ ಹೊತ್ತ ವಿಲಿಯಂ ರಾಕ್ಸ್‌ಬರ್ಗ್ ಅವರ ಕಾಲಕ್ಕೆ ಹೋಗುತ್ತದೆ. ಅಲ್ಲಿ ಸುಮಾರು 20 ಲಕ್ಷ ಹಾಳೆಗಳಿವೆ. ಇದನ್ನು ನೋಡಿಕೊಳ್ಳುವ ಭಾರತೀಯ ಸಸ್ಯಶಾಸ್ತ್ರೀಯ ಸಮೀಕ್ಷಾ ಸಂಸ್ಥೆ 1890ರ ಫೆಬ್ರವರಿ 13ರಂದು ಸ್ಥಾಪನೆಯಾಯಿತು. ಪ್ರಾದೇಶಿಕ ಕೇಂದ್ರಗಳ ಸಂಗ್ರಹವೂ ಸೇರಿದರೆ ಸಂಸ್ಥೆಯ ಬಳಿ ಇರುವ ಒಟ್ಟು ಮಾದರಿಗಳು ಸುಮಾರು 30 ಲಕ್ಷ. ಇವನ್ನು ಅಂತರಜಾಲಕ್ಕೆ ತರುವ ‘ಇಂಡಿಯನ್ ವರ್ಚುವಲ್ ಹರ್ಬೇರಿಯಂ’ 2022ರ ಜುಲೈ 1ರಂದು ಉದ್ಘಾಟನೆಯಾದಾಗ ಸುಮಾರು ಒಂದು ಲಕ್ಷ ಹಾಳೆಗಳ ಚಿತ್ರ ಅದರಲ್ಲಿತ್ತು. ಪ್ರತಿ ಹಾಳೆಗೂ ಚಿತ್ರ, ಹೆಸರು, ಸಿಕ್ಕಿದ ಸ್ಥಳ, ದಿನಾಂಕ, ಸಂಗ್ರಾಹಕರ ಹೆಸರು, ಬಾರ್‌ಕೋಡ್. ರಾಜ್ಯವಾರು ಹುಡುಕುವ ಅನುಕೂಲವೂ ಇದೆ. ಕರ್ನಾಟಕದ ಓದುಗರು ನಿಂತು ನೋಡಬೇಕಾದದ್ದು ಈ ರಾಜ್ಯವಾರು ಹುಡುಕಾಟವನ್ನೇ.

ಸಮೀಕ್ಷಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಕರ್ನಾಟಕದಲ್ಲಿ ಒಂದೂ ಇಲ್ಲ. ದಕ್ಷಿಣದ ಕೇಂದ್ರ ಕೊಯಮತ್ತೂರಿನಲ್ಲಿದೆ, ಪಶ್ಚಿಮದ್ದು ಪುಣೆಯಲ್ಲಿ. ಕನ್ನಡನಾಡು ಹಿಂದೆ ಹಂಚಿಹೋಗಿದ್ದ ರೀತಿಯಲ್ಲೇ ಅದರ ಗಿಡಗಳ ಹಾಳೆಗಳೂ ಹಂಚಿಹೋಗಿವೆ. ಮಂಗಳೂರು, ಉಡುಪಿ, ಕಾಸರಗೋಡು ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಕೊಡಗು ಬೇರೆ, ಮೈಸೂರು ಬೇರೆ, ರಾಯಚೂರು, ಕಲಬುರಗಿ ನಿಜಾಮರ ಆಳ್ವಿಕೆಯಲ್ಲಿ. ಕಾರವಾರದ ಕಾಡಿನ ಗಿಡ ಪುಣೆ, ಮುಂಬಯಿಗಳ ದಾರಿ ಹಿಡಿದರೆ ಮಂಗಳೂರಿನದು ಮದ್ರಾಸಿನ ಮೂಲಕ ಕೊಯಮತ್ತೂರು ಸೇರಿತು.

ಹಡಗು ಹತ್ತಿದವೂ ಕಡಿಮೆಯಿಲ್ಲ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಸರ್ವೇಕ್ಷಣೆಗೆ ಹೊರಟ ಫ್ರಾನ್ಸಿಸ್ ಬುಕಾನನ್ ವೃತ್ತಿಯಿಂದ ವೈದ್ಯ, ಆಸಕ್ತಿಯಿಂದ ಸಸ್ಯಶಾಸ್ತ್ರಜ್ಞ. ಅವರು ಒತ್ತಿದ ಗಿಡಗಳೂ ಹಡಗು ಹತ್ತಿದವು. 1840ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಮೆಟ್ಜ್ ಮಂಗಳೂರಿನ ಸುತ್ತ ಗಿಡಗಳನ್ನು ಒತ್ತಿ ಜರ್ಮನಿಗೆ ಕಳಿಸಿದರು. ಅಲ್ಲಿ ಹೋಹೆನಾಕರ್ ಎಂಬವರು ‘ಕೆನರಾ’ ಎಂಬ ಅಚ್ಚಿನ ಚೀಟಿ ಹಚ್ಚಿ ಯುರೋಪಿನ ಹರ್ಬೇರಿಯಂಗಳಿಗೆಲ್ಲ ಮಾರಿದರು. ಅದೇ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ವೈದ್ಯ ಹ್ಯೂ ಕ್ಲೆಗಾರ್ನ್ ಭಾರತೀಯ ಚಿತ್ರಕಾರರಿಂದ ಗಿಡಗಳ ಚಿತ್ರ ಬರೆಸಿದರು. ಆ ಚಿತ್ರಗಳು ಈಗ ಸ್ಕಾಟ್ಲೆಂಡಿನ ಎಡಿನ್‌ಬರೋ ಸಸ್ಯೋದ್ಯಾನದಲ್ಲಿವೆ. ಉತ್ತರ ಕನ್ನಡದ ಅರಣ್ಯಾಧಿಕಾರಿಗಳಾದ ಟಾಲ್ಬಟ್, ಬೆಲ್ ಮುಂತಾದವರು ಆಮೇಲಿನ ತಲೆಮಾರು.

ಸ್ವಾತಂತ್ರ್ಯಾನಂತರ ನಾಡಿನೊಳಗೇ ದೊಡ್ಡ ಕೆಲಸ ನಡೆಯಿತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನ ಅವರು ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಜೊತೆಗೂಡಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಕೋಶ ಪ್ರಕಟಿಸಿದರು. ಬಳಿಕ ಕರ್ನಾಟಕದ ಸಸ್ಯಕೋಶದ ಎರಡು ಸಂಪುಟಗಳು 1984 ಮತ್ತು 1996ರಲ್ಲಿ ಬಂದವು. ಅದಕ್ಕಾಗಿ ಕಲೆಹಾಕಿದ ಹಾಳೆಗಳು ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿವೆ. ಸಂಗ್ರಹದ ಸಂಕೇತಾಕ್ಷರ ಮಾತ್ರ ಹಳೆಯ ಕಾಲೇಜಿನದೇ: ಜೆಸಿಬಿ. ಅಲ್ಲಿನ ತಂಡ ರೂಪಿಸಿದ ದಖ್ಖನ್ ಪರ್ಯಾಯದ್ವೀಪದ ಸಸ್ಯಗಳ ಜಾಲತಾಣ ಕರ್ನಾಟಕದ ಮಟ್ಟಿಗೆ ಇಂದು ಬಹಳ ಉಪಯುಕ್ತವಾದ ಆಕರ. ಬೆಂಗಳೂರಿನ ಕನಕಪುರ ರಸ್ತೆಯ ತಲಘಟ್ಟಪುರದಲ್ಲಿರುವ ಕೇಂದ್ರೀಯ ಆಯುರ್ವೇದ ಸಂಶೋಧನಾ ಸಂಸ್ಥೆಯಲ್ಲಿ ಔಷಧಿ ಸಸ್ಯಗಳ ಇನ್ನೊಂದು ಮುಖ್ಯ ಹರ್ಬೇರಿಯಂ ಇದೆ. ಚಿಕ್ಕಮಗಳೂರು ಜಿಲ್ಲೆಯ ಸಸ್ಯಕೋಶದ ಲೇಖಕರಲ್ಲೊಬ್ಬರಾದ ಎಸ್.ಎನ್. ಯೋಗನರಸಿಂಹನ್ ದುಡಿದದ್ದು ಆ ಸಂಸ್ಥೆಯಲ್ಲಿ.

ಇನ್ನು ಕೆಲಸದ ಬಗೆ. ಮೊದಲು ಕಪಾಟಿನಿಂದ ಹಾಳೆ ಇಳಿಸಿ, ಧೂಳು ಕೊಡವಿ, ಸಡಿಲವಾದ ಎಲೆಕಡ್ಡಿಗಳನ್ನು ಮತ್ತೆ ಹೊಲಿದೋ ಅಂಟಿಸಿಯೋ ಭದ್ರಪಡಿಸಬೇಕು. ಹುಳು ಹಿಡಿಯದಿರಲೆಂದು ಹಳೆಯ ಮಾದರಿಗಳಿಗೆ ಪಾದರಸದ ಕ್ಲೋರೈಡ್ ಬಳಿಯುತ್ತಿದ್ದರು. ಅದು ವಿಷ. ಹಾಗಾಗಿ ಕೈಗವಸು, ಮುಖಗವಸು ಕಡ್ಡಾಯ. ಆಮೇಲೆ ಬಾರ್‌ಕೋಡ್ ಅಂಟಿಸುವುದು. ಹಾಳೆಗೆ ಅದು ಆಧಾರ್ ಸಂಖ್ಯೆ ಇದ್ದಂತೆ: ಗಿಡದ ಹೆಸರು ಮುಂದೆ ಎಷ್ಟು ಸಲ ಬದಲಾದರೂ, ಕಪಾಟು ಬದಲಾದರೂ, ಸಂಖ್ಯೆ ಬದಲಾಗದು. ನಂತರ ಅಳತೆಪಟ್ಟಿ, ಬಣ್ಣದ ಪಟ್ಟಿಗಳನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆಯುತ್ತಾರೆ. ಮಾಮೂಲಿ ಸ್ಕ್ಯಾನರಿನಲ್ಲಿ ಹಾಳೆಯನ್ನು ಕವುಚಿಹಾಕಬೇಕಾಗುತ್ತದೆ, ಒಣಗಿದ ಹೂವು ಉದುರಿಹೋಗುತ್ತದೆ. ಅದಕ್ಕೆ ಬ್ರಿಟನ್ನಿನ ಕ್ಯೂ ಸಸ್ಯೋದ್ಯಾನದವರು ಸ್ಕ್ಯಾನರನ್ನೇ ತಲೆಕೆಳಗಾಗಿ ಕಟ್ಟಿ, ಅದರ ಗಾಜಿನ ಮಟ್ಟಕ್ಕೆ ಹಾಳೆಯನ್ನು ಕೆಳಗಿನಿಂದ ಮೇಲೆತ್ತುವ ಸಲಕರಣೆ ಮಾಡಿದರು. ಲಕ್ಷಗಟ್ಟಲೆ ಹಾಳೆಗಳಿದ್ದಲ್ಲಿ ಕನ್ವೇಯರ್ ಪಟ್ಟಿಯ ಮೇಲೆ ಹಾಳೆಗಳು ಸಾಗುತ್ತಿದ್ದಂತೆ ಮೇಲಿನ ಕ್ಯಾಮೆರಾ ಒಂದೊಂದನ್ನೂ ಸೆರೆಹಿಡಿಯುತ್ತದೆ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ ಹೀಗೆ 35 ಲಕ್ಷಕ್ಕೂ ಹೆಚ್ಚು ಹಾಳೆಗಳ ಚಿತ್ರ ತೆಗೆಸಿದೆ.

ಒಂದು ಅಂಗುಲಕ್ಕೆ 600 ಬಿಂದುಗಳಂತೆ ಇಡೀ ಹಾಳೆಯನ್ನು ಸ್ಕ್ಯಾನ್ ಮಾಡಿದರೆ ಆರೂವರೆ ಕೋಟಿ ಬಿಂದುಗಳ ಚಿತ್ರವಾಗುತ್ತದೆ. ಕುಗ್ಗಿಸದ ರೂಪದಲ್ಲಿ ಅದು ಸುಮಾರು 200 ಎಂಬಿ. ಎಲೆಯ ರೋಮ, ಕೇಸರದ ತುದಿ ಕಾಣಬೇಕಾದರೆ ಅಷ್ಟು ಬೇಕೇ ಬೇಕು. 30 ಲಕ್ಷ ಹಾಳೆಗಳಿಗೆ ಲೆಕ್ಕ ಹಾಕಿದರೆ 600 ಟೆರಾಬೈಟ್. ಅದಕ್ಕೆ ಸುರಕ್ಷಿತ ಪ್ರತಿಯೊಂದನ್ನು ಬೇರೆ ಊರಿನಲ್ಲಿಟ್ಟರೆ ಇಮ್ಮಡಿ. ಹಣ ಒದಗಿಸಿದರೆ ಇದು ಬಗೆಹರಿಯುವ ತೊಡಕು.

ನಿಜವಾದ ಕಷ್ಟ ಚೀಟಿಯಲ್ಲಿದೆ. ಚಿತ್ರ ತೆಗೆದ ಮಾತ್ರಕ್ಕೆ ಹಾಳೆ ಹುಡುಕಲು ಸಿಗುವುದಿಲ್ಲ. ಚೀಟಿಯ ಬರಹವನ್ನು ಯಾರಾದರೂ ಓದಿ, ಊರು, ದಿನಾಂಕ, ಹೆಸರುಗಳನ್ನು ಅವುಗಳ ಅಂಕಣಗಳಲ್ಲಿ ತುಂಬಬೇಕು. ಅಚ್ಚಿನ ಅಕ್ಷರವನ್ನು ಯಂತ್ರ ಓದೀತು. ನೂರೈವತ್ತು ವರ್ಷ ಹಿಂದಿನ ಅವಸರದ ಕೈಬರಹವನ್ನು, ಅದರಲ್ಲೂ ಇಂಗ್ಲಿಷಿನ ಕಿವಿಗೆ ಕೇಳಿಸಿದಂತೆ ಬರೆದ ಕನ್ನಡದ ಊರಿನ ಹೆಸರನ್ನು, ಯಂತ್ರ ತಪ್ಪಾಗಿ ಓದುವುದೇ ಹೆಚ್ಚು. ಕೆಲವು ಚೀಟಿಗಳಲ್ಲಿ ಊರೇ ಇಲ್ಲ. ಬ್ರಿಟಿಷ್ ಸಂಗ್ರಾಹಕರಾದ ಹೂಕರ್ ಮತ್ತು ಥಾಮ್ಸನ್ ಹಂಚಿದ ಹಾಳೆಗಳಲ್ಲಿ ‘ಮಲಬಾರ್, ಕೊಂಕಣ ಇತ್ಯಾದಿ’ ಎಂದಷ್ಟೇ ಅಚ್ಚಾಗಿರುವುದು ಸಸ್ಯಶಾಸ್ತ್ರಜ್ಞರೆಲ್ಲರಿಗೂ ಗೊತ್ತಿರುವ ತಲೆನೋವು. ಗಿಡ ಗೋವಾದ್ದೋ, ಹೊನ್ನಾವರದ್ದೋ, ಕಣ್ಣೂರಿನದೋ ಹೇಳಲಾಗದು.

ಗಡಿಗಳ ತೊಡಕು ಇನ್ನೂ ಸೂಕ್ಷ್ಮ. 1919ರ ಒಂದು ಹಾಳೆಯಲ್ಲಿ ಜೋಗದ ಗಿಡಕ್ಕೆ ‘ಗೇರುಸೊಪ್ಪೆ ಜಲಪಾತ, ಮುಂಬಯಿ ಪ್ರಾಂತ್ಯ’ ಎಂದಿದ್ದರೆ, ಅರಿಯದವರು ಅದನ್ನು ಮಹಾರಾಷ್ಟ್ರದ ಲೆಕ್ಕಕ್ಕೆ ಬರೆದುಬಿಡಬಹುದು. ‘ದಕ್ಷಿಣ ಕೆನರಾ, ಮದ್ರಾಸ್’ ಎಂದಿದ್ದರೆ ತಮಿಳುನಾಡಿನ ಪಾಲು. ಹಾಗೆಂದು ಕೆನರಾ ಎಂದದ್ದನ್ನೆಲ್ಲ ಕರ್ನಾಟಕಕ್ಕೆ ಸೇರಿಸುವುದೂ ಸರಿಯಲ್ಲ, ದಕ್ಷಿಣ ಕೆನರಾದ ಕಾಸರಗೋಡು 1956ರಲ್ಲಿ ಕೇರಳಕ್ಕೆ ಹೋಯಿತು. ರಾಜ್ಯವಾರು ಹುಡುಕಾಟದಲ್ಲಿ ಕರ್ನಾಟಕದ ಗಿಡ ಸಿಗುವುದು, ಸಿಗದಿರುವುದು, ಇಂಥ ಒಂದೊಂದು ಅಂಕಣ ತುಂಬಿದವರ ಇತಿಹಾಸಜ್ಞಾನವನ್ನು ಅವಲಂಬಿಸಿದೆ. ಡಿಜಿಟಲೀಕರಣವೆಂದರೆ ಕ್ಯಾಮೆರಾ ಕೊಳ್ಳುವುದು ಎಂದು ತಿಳಿದ ಕಡೆಗಳಲ್ಲೆಲ್ಲ ಈ ಭಾಗ ಸೊರಗಿದೆ. ಎಣಿಕೆಗೆ ಚಿತ್ರಗಳು ಸಿಗುತ್ತವೆ, ಬಳಕೆಗೆ ಮಾಹಿತಿ ಸಿಗುವುದಿಲ್ಲ.

ಬೆಂಗಳೂರಿನ ಪಶ್ಚಿಮದ ಬಡಾವಣೆಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಎಸ್.ವಿ. ರಾಮಸ್ವಾಮಿ ಮತ್ತು ಬಿ.ಎ. ರಝಿ ಬರೆದ ಬೆಂಗಳೂರು ಜಿಲ್ಲೆಯ ಸಸ್ಯಕೋಶವನ್ನು ಮೈಸೂರು ವಿಶ್ವವಿದ್ಯಾಲಯ 1973ರಲ್ಲಿ ಪ್ರಕಟಿಸಿತು. ಅಂದಿನ ಬೆಂಗಳೂರು ಜಿಲ್ಲೆಯೆಂದರೆ ಆಮೇಲೆ ನಗರ, ಗ್ರಾಮಾಂತರ, ರಾಮನಗರ ಜಿಲ್ಲೆಗಳಾಗಿ ಒಡೆದ ಇಡೀ ಪ್ರದೇಶ. ಇಂದು ರಾಜರಾಜೇಶ್ವರಿನಗರ ಎನಿಸಿಕೊಂಡಿರುವ ಜಾಗದಲ್ಲಿ ಆಗ ಇದ್ದದ್ದು ಪಟ್ಟಣಗೆರೆ, ಹಲಗೆವಡೇರಹಳ್ಳಿ, ಕೆಂಚೇನಹಳ್ಳಿ, ಚನ್ನಸಂದ್ರದಂಥ ಹಳ್ಳಿಗಳು, ಅವುಗಳ ಹೊಲ, ಕೆರೆ, ಗೋಮಾಳ, ಕುರುಚಲು ಕಾಡು. ಆ ಕಾಲದ ಹಾಳೆಗಳನ್ನು ಹುಡುಕುವವರು ಬಡಾವಣೆಯ ಇಂದಿನ ಹೆಸರಿನಲ್ಲಿ ಹುಡುಕಿದರೆ ಬರಿಗೈ. ಹುಡುಕಬೇಕಾದದ್ದು ಪಕ್ಕದ ಕೆಂಗೇರಿಯ ಹೆಸರಿನಲ್ಲಿ, ಹಳ್ಳಿಗಳ ಹೆಸರಿನಲ್ಲಿ, ಮೈಸೂರು ರಸ್ತೆಯ ಮೈಲಿಗಲ್ಲಿನ ಲೆಕ್ಕದಲ್ಲಿ.

ಊರಿನ ಹೆಸರನ್ನು ಅಕ್ಷಾಂಶ, ರೇಖಾಂಶಗಳಿಗೆ ತಿರುಗಿಸುವ ಕ್ರಮ ಇಲ್ಲಿ ನೆರವಿಗೆ ಬರುತ್ತದೆ. ಚೀಟಿಯಲ್ಲಿ ‘ಕೆಂಗೇರಿ’ ಎಂದಷ್ಟೇ ಇದೆ ಎನ್ನೋಣ. ನಕ್ಷೆಯಲ್ಲಿ ಕೆಂಗೇರಿಯ ಮಧ್ಯಕ್ಕೆ ಒಂದು ಬಿಂದು ಇಟ್ಟು, ಸಂಗ್ರಾಹಕರು ಓಡಾಡಿರಬಹುದಾದ ದೂರವನ್ನು, ಐದು ಕಿಲೋಮೀಟರ್ ಎಂದುಕೊಂಡರೆ, ತ್ರಿಜ್ಯವಾಗಿ ಎಳೆಯುತ್ತಾರೆ. ಆ ವೃತ್ತದೊಳಗೆ ಬೆಂಗಳೂರು ವಿಶ್ವವಿದ್ಯಾಲಯದ ಆವರಣವಾದ ಜ್ಞಾನಭಾರತಿಯೂ ಬಂತು, ರಾಜರಾಜೇಶ್ವರಿನಗರದ ಬಹುಪಾಲೂ ಬಂತು. ಬಿಂದುವಿನಷ್ಟೇ ಮುಖ್ಯವಾದದ್ದು ಆ ವೃತ್ತ, ಏಕೆಂದರೆ ದಾಖಲೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಹೇಳುವುದು ಅದೇ. ವೃತ್ತವಿಲ್ಲದೆ ಬಿಂದು ಮಾತ್ರ ಕೊಟ್ಟರೆ, ಎಂದೋ ಹೊಲದ ಬದುವಿನಲ್ಲಿದ್ದ ಗಿಡ ಕೆಂಗೇರಿಯ ಬಸ್ ನಿಲ್ದಾಣದ ನಡುವೆ ಬೆಳೆದಿತ್ತೆಂದು ನಕ್ಷೆ ತೋರಿಸೀತು. ಇಂಥ ನೂರಾರು ಹಾಳೆಗಳ ವೃತ್ತಗಳನ್ನು ಒಂದರ ಮೇಲೊಂದು ಇಟ್ಟಾಗ, ಕಟ್ಟಡಗಳು ಬರುವ ಮೊದಲು ಈ ನೆಲದಲ್ಲಿ ಏನೇನಿತ್ತು ಎಂಬ ಪಟ್ಟಿ ಸಿದ್ಧವಾಗುತ್ತದೆ. ಪಕ್ಕದ ತುರಹಳ್ಳಿ ಕಾಡನ್ನು ವೃಕ್ಷೋದ್ಯಾನ ಮಾಡುವ ಪ್ರಸ್ತಾವಕ್ಕೆ 2021ರಲ್ಲಿ ನಾಗರಿಕರು ವಿರೋಧ ಒಡ್ಡಿದರು, ಪ್ರಸ್ತಾವ ನಿಂತಿತು. ಕುರುಚಲು ಕಾಡನ್ನು ಬರಡು ನೆಲವೆಂದು ಬಗೆಯುವವರಿಗೆ ಉತ್ತರ ಕೊಡಲು ಪ್ರೀತಿಯೊಂದೇ ಸಾಲದು, ಪ್ರಭೇದಗಳ ದಾಖಲೆ ಬೇಕು. ಮಳೆಗಾಲದಲ್ಲಿ ಎದ್ದು ಮೂರು ತಿಂಗಳಲ್ಲಿ ಮಡಿಯುವ ಸಣ್ಣ ಗಿಡಗಳ ಪಾಲಿಗಂತೂ ಹಳೆಯ ಹಾಳೆಯೇ ವಕೀಲ.

ಇದೇ ನೆಲದ ಖಾಲಿ ನಿವೇಶನಗಳಲ್ಲೆಲ್ಲ ಬೆಳೆಯುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಹುಲ್ಲಿನ ಕಥೆಯನ್ನೂ ಹರ್ಬೇರಿಯಂ ತಿದ್ದಿದೆ. 1956ರಲ್ಲಿ ಪುಣೆಯಿಂದ ಅದು ವರದಿಯಾಯಿತು. ಅಮೆರಿಕದಿಂದ ಆಮದಾದ ಗೋಧಿಯೊಂದಿಗೆ ಬಂತು ಎಂಬುದು ಜನಜನಿತ ಮಾತು. ಆದರೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಹರ್ಬೇರಿಯಂನಲ್ಲಿ 1880ರಲ್ಲೇ ಸಂಗ್ರಹಿಸಿದ ಪಾರ್ಥೇನಿಯಂ ಹಾಳೆಯಿದೆ. ಗೋಧಿಯ ಹಡಗು ಅದರ ಹರಡುವಿಕೆಗೆ ನೆರವಾಗಿರಬಹುದು, ಗಿಡ ಈ ದೇಶಕ್ಕೆ ಕಾಲಿಟ್ಟದ್ದು ಬಹಳ ಮೊದಲೇ. ಆ ಹಾಳೆಯನ್ನು ಯಾರೋ ಹುಡುಕಿ ತೆಗೆಯುವ ತನಕ ಈ ಸಂಗತಿ ಕಪಾಟಿನಲ್ಲೇ ಇತ್ತು.

ಜೋಗದ ಹುಲ್ಲಿನ ಕಥೆ ಇದಕ್ಕಿಂತ ಮನಸ್ಸು ಕಲಕುವಂಥದು. ಸಿವಿಲ್ ಅಧಿಕಾರಿ ಸೆಡ್ಜ್‌ವಿಕ್ ಮತ್ತು ಅರಣ್ಯಾಧಿಕಾರಿ ಬೆಲ್ 1919ರಲ್ಲಿ ಜಲಪಾತದ ತುಂತುರು ಬೀಳುವ ಬಂಡೆಗಳ ಮೇಲಿಂದ ಒಂದು ಪುಟ್ಟ ಹುಲ್ಲನ್ನು ಸಂಗ್ರಹಿಸಿದರು. ಮೂರು ದಶಕಗಳ ನಂತರ ಆ ಮಾದರಿಯನ್ನು ಪರಿಶೀಲಿಸಿದ ಸಸ್ಯಶಾಸ್ತ್ರಜ್ಞ ಬೋರ್, ಅದು ಯಾವ ಕುಲಕ್ಕೂ ಸೇರದ್ದೆಂದು ಕಂಡು, ಹುಲ್ಲುಗಳ ತಜ್ಞ ಹಬಾರ್ಡ್ ಅವರ ಹೆಸರಿನಲ್ಲಿ ‘ಹಬಾರ್ಡಿಯಾ’ ಎಂಬ ಹೊಸ ಕುಲವನ್ನೇ ಸ್ಥಾಪಿಸಿದರು. ಅಷ್ಟರಲ್ಲಿ ಶರಾವತಿಯ ಹರಿವು ಬದಲಾಗತೊಡಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಜಲಪಾತದ ತುಂತುರೂ ಕಡಿಮೆಯಾಯಿತು. ಆ ಜಾಗದಲ್ಲಿ ಹುಡುಕಿದವರಿಗೆ ಹುಲ್ಲು ಮತ್ತೆ ಸಿಗಲಿಲ್ಲ, ಅಳಿದುಹೋಯಿತೆಂದೇ ಎಣಿಸಿದ್ದರು. ಈ ಶತಮಾನದ ಆರಂಭದಲ್ಲಿ ಮಹಾರಾಷ್ಟ್ರದ ತಿಲ್ಲಾರಿ ಘಟ್ಟದಲ್ಲಿ ಅದು ಮತ್ತೆ ಪತ್ತೆಯಾಯಿತು. ಜೋಗದಲ್ಲಿ ಅದು ಇತ್ತೆಂಬುದಕ್ಕೆ ಉಳಿದಿರುವ ಪುರಾವೆ 1919ರ ಸಂಗ್ರಹ ಮಾತ್ರ. ಮಂಗಳೂರಿನ ಸುತ್ತ 19ನೇ ಶತಮಾನದಲ್ಲಿ ಸಂಗ್ರಹಿಸಿದ ಹಾಳೆಗಳಿಂದಷ್ಟೇ ತಿಳಿದಿದ್ದ, ಅಳಿದುಹೋದ ಪಟ್ಟಿಗೆ ಸೇರಿದ್ದ ‘ಮಧುಕ ಇನ್‌ಸಿಗ್ನಿಸ್’ ಎಂಬ ಮರವೂ ಈ ಶತಮಾನದಲ್ಲಿ ಕುಮಾರಧಾರಾ ನದಿಯ ದಂಡೆಯಲ್ಲಿ ಸಿಕ್ಕಿತು. ಏನು ಕಳೆದಿದೆ ಎಂದು ತಿಳಿದಿದ್ದರೆ ತಾನೆ ಹುಡುಕುವುದು.

ಸಂಗ್ರಾಹಕರು ಎಣಿಸಿರದ ಉಪಯೋಗಗಳೂ ಇವೆ. ಎರಡು ಶತಮಾನಗಳ ಒಣಎಲೆಗಳಲ್ಲಿ ಪತ್ರರಂಧ್ರಗಳನ್ನು ಎಣಿಸಿದ ಬ್ರಿಟನ್ನಿನ ವಿಜ್ಞಾನಿ ವುಡ್‌ವರ್ಡ್, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಂತೆ ರಂಧ್ರಗಳ ಸಂಖ್ಯೆ ಇಳಿದಿದೆ ಎಂದು 1987ರಲ್ಲಿ ತೋರಿಸಿದರು. ಹೂಬಿಟ್ಟ ಮಾದರಿಯ ದಿನಾಂಕಗಳನ್ನು ಸಾಲಾಗಿ ಇಟ್ಟರೆ ಋತುಗಳು ಸರಿದದ್ದು ಕಾಣುತ್ತದೆ. ಇಂಥ ಲೆಕ್ಕಕ್ಕೆ ಹತ್ತಾರು ಊರುಗಳ ಸಾವಿರಾರು ಹಾಳೆಗಳು ಒಟ್ಟಿಗೆ ಬೇಕು.

ಡಿಜಿಟಲ್ ಚಿತ್ರ ಹಾಳೆಗೆ ಬದಲಿಯಲ್ಲ. ಹೂವನ್ನು ಬಿಸಿನೀರಿನಲ್ಲಿ ನೆನೆಸಿ ಬಿಡಿಸಿ ನೋಡುವುದು, ಡಿಎನ್‌ಎ ತೆಗೆಯುವುದು, ಎಲೆಯ ತಳಬದಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದು ಮೂಲ ಮಾದರಿಯಿಂದಲೇ ಆಗಬೇಕು. ಚಿತ್ರ ತೆಗೆದಾಯಿತೆಂದು ಹಾಳೆಗಳನ್ನು ಗೆದ್ದಲಿಗೆ ಬಿಟ್ಟರೆ ಅದು ಅಕ್ಷಮ್ಯ. ತಪ್ಪಾಗಿ ಗುರುತಿಸಿದ ಹೆಸರು ಜಾಲಕ್ಕೆ ಏರಿದರೆ ನೂರು ಕಡೆ ಹರಡುತ್ತದೆ. ಹಾಗಾಗಿ ತಜ್ಞರು ತಿದ್ದಲು ಅವಕಾಶವಿರಬೇಕು, ಯಾರು ಯಾವಾಗ ತಿದ್ದಿದರೆಂಬುದೂ ದಾಖಲಾಗಬೇಕು. ಅಪರೂಪದ ಆರ್ಕಿಡ್, ಶ್ರೀಗಂಧದಂಥ ಕಳ್ಳರ ಕಣ್ಣಿಗೆ ಬೀಳುವ ಗಿಡಗಳ ನಿಖರ ಜಾಗವನ್ನು ಸಾರ್ವಜನಿಕರಿಗೆ ತೋರಿಸದೆ ಮಸುಕಾಗಿಸುವುದು ಸರಿಯಾದ ಪದ್ಧತಿ.

ಕರ್ನಾಟಕದಲ್ಲಿ ಮೊದಲು ಆಗಬೇಕಾದದ್ದು ವಿಶ್ವವಿದ್ಯಾಲಯಗಳ, ಹಳೆಯ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳಲ್ಲಿರುವ ಸಂಗ್ರಹಗಳ ಕೆಲಸ. ರಾಷ್ಟ್ರೀಯ ಯೋಜನೆಯ ಗಮನ ದೊಡ್ಡ ಹರ್ಬೇರಿಯಂಗಳ ಮೇಲಿರುವುದು ಸಹಜ. ಚಿಕ್ಕವುಗಳಲ್ಲಿ ಸುತ್ತಲಿನ ಐವತ್ತು ಮೈಲಿಯ ಗಿಡಗಳು ವರ್ಷವರ್ಷವೂ ಸೇರುತ್ತ ಬಂದಿರುತ್ತವೆ, ಸಂಗ್ರಹಿಸಿದ ಅಧ್ಯಾಪಕರು ನಿವೃತ್ತರಾದ ಮೇಲೆ ಕೇಳುವವರಿಲ್ಲ. ಒಳ್ಳೆಯ ಕ್ಯಾಮೆರಾ, ಸಮ ಬೆಳಕು, ಬಾರ್‌ಕೋಡ್ ಮುದ್ರಿಸುವ ಯಂತ್ರ, ಶ್ರದ್ಧೆಯ ವಿದ್ಯಾರ್ಥಿಗಳಿದ್ದರೆ ಅಲ್ಲಿ ಕೆಲಸ ಶುರುವಾಗಬಲ್ಲದು.

ಎರಡನೆಯದು ಚೀಟಿ ಓದುವ ಕೆಲಸ. ಫ್ರಾನ್ಸ್, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಹಾಳೆಗಳ ಚಿತ್ರಗಳನ್ನು ಜನರ ಮುಂದಿಟ್ಟು, ಮನೆಯಲ್ಲೇ ಕುಳಿತು ಚೀಟಿ ಓದಿ ತುಂಬುವ ಸ್ವಯಂಸೇವಕರನ್ನು ಬಹಳ ಹಿಂದೆಯೇ ಕಟ್ಟಿದ್ದಾರೆ. ಒಂದೇ ಚೀಟಿಯನ್ನು ಹಲವರು ಓದುತ್ತಾರೆ, ಓದುಗಳು ತಾಳೆಯಾದರೆ ಒಪ್ಪಿತ. ಕನ್ನಡನಾಡಿನ ಹಾಳೆಗಳಿಗೂ ಅಂಥ ವ್ಯವಸ್ಥೆ ಬೇಕು. ಹೌರಾದಲ್ಲೋ ಎಡಿನ್‌ಬರೋದಲ್ಲೋ ಕುಳಿತವರಿಗೆ ಒಗಟಾದ ಊರಿನ ಹೆಸರು ಸಕಲೇಶಪುರದ ಕಂದಾಯ ನೌಕರರಿಗೆ, ಕುಂದಾಪುರದ ನಿವೃತ್ತ ಅಂಚೆಯಣ್ಣನಿಗೆ ಸಲೀಸು. ರಾಜರಾಜೇಶ್ವರಿನಗರದ ಅಡ್ಡರಸ್ತೆಗಳು ಮೂಡುವ ಮೊದಲಿನ ಗೋಮಾಳ, ಕಟ್ಟೆ, ತೋಪುಗಳ ಹೆಸರು ಬಲ್ಲ ಹಿರಿಯರು ಪಟ್ಟಣಗೆರೆ, ಹಲಗೆವಡೇರಹಳ್ಳಿ, ಕೆಂಗೇರಿಗಳಲ್ಲಿ ಇನ್ನೂ ಇದ್ದಾರೆ. ಜ್ಞಾನಭಾರತಿಯ ಸಸ್ಯಶಾಸ್ತ್ರ ವಿದ್ಯಾರ್ಥಿಗಳು, ಬಡಾವಣೆಗಳ ನಿವಾಸಿ ಸಂಘಗಳು ಅವರನ್ನು ಈಗಲೇ ಕಂಡು, ಆ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸಿ ಇಟ್ಟುಕೊಳ್ಳಲಿ.